ಹಿರಣ್ಯಕಶಿಪುವಿನ ಪಾತ್ರವೂ ಭಕ್ತನಾದ ನಟನೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ನರಸಿಂಹನ ಸೀಮೆಯೆಂದು ಕರೆದರೆ ತಪ್ಪಾಗಲಾರದು. ಮೇಲುಕೋಟೆಯ ಬೆಟ್ಟದ ನೆತ್ತಿಯಲ್ಲಿ ಯೋಗಾನರಸಿಂಹನು ನೆಲಸಿದ್ದಾನೆ. ಕೆರೆತೊಣ್ಣೂರಿನಲ್ಲಿಯೂ ನಾಗಮಂಗಲದಲ್ಲಿಯೂ ಅವನ ಗುಡಿಗಳುಂಟು. ಶ್ರೀರಂಗಪಟ್ಟಣದ ನರಸಿಂಹ ದೇವಾಲಯವು ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ್ದು. ಹಿರಣ್ಯಕಶಿಪುವಿನ ತಮ್ಮನಾದ ಹಿರಣ್ಯಾಕ್ಷನನ್ನು ಕೊಂದ ವರಾಹಮೂರ್ತಿಯು ಕೃಷ್ಣರಾಜಪೇಟೆ ತಾಲ್ಲೂಕಿನ ವರಾಹನಾಥ ಕಲ್ಲಹಳ್ಳಿಯಲ್ಲಿ, ಹೇಮಾವತಿಯ ದಂಡೆಯ ಮೇಲೆ, ಪೂಜೆಗೊಳ್ಳುತ್ತಿದ್ದಾನೆ. ಹೀಗೆ ದೈತ್ಯ ಸೋದರರಿಬ್ಬರನ್ನೂ ಸಂಹರಿಸಿದ ದೈವಕ್ಕೆ ಒಕ್ಕಲಾದ ಜನರ ನಡುವೆ ಪ್ರಹ್ಲಾದಚರಿತ್ರೆಯ ಆಟವು ನಡೆಯುವಾಗ ಒಂದು ಪ್ರಶ್ನೆಯು ತಾನಾಗಿ ಏಳುತ್ತದೆ. ಹಗಲಿನಲ್ಲಿ ನರಸಿಂಹನಿಗೆ ಕೈಮುಗಿಯುವವನು ರಾತ್ರಿ ರಂಗದ ಮೇಲೆ ನಿಂತು ಹರಿಯನ್ನು ಹಳಿಯಬಹುದೇ? ಹಳಿದರೆ ಅದು ಯಾರ ಮಾತು? ಪಾತ್ರದ್ದೋ, ನಟನದ್ದೋ?

ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ಈ ಸೀಮೆಯಲ್ಲಿ ಮೂಡಲಪಾಯದ ಯಕ್ಷಗಾನವು ಹಳೆಯ ಕಲೆ. ಅದರ ಅಧ್ಯಯನಕ್ಕೆ ಬಹುವಾಗಿ ದುಡಿದ ಜೀ. ಶಂ. ಪರಮಶಿವಯ್ಯನವರು (1933–1995) ನಾಗಮಂಗಲ ತಾಲ್ಲೂಕಿನವರೇ. ಅದರ ತರುವಾಯ ಬಂದ ಪೌರಾಣಿಕ ನಾಟಕವು, ಹಾರ್ಮೋನಿಯಂ ಮೇಷ್ಟರ ಆಸರೆಯಲ್ಲಿ, ಇಂದಿಗೂ ಹಳ್ಳಿಹಳ್ಳಿಯಲ್ಲಿ ನಡೆಯುತ್ತಿದೆ. ಇದರಲ್ಲಿ ಪಾತ್ರ ವಹಿಸುವವರು ವೃತ್ತಿನಟರಲ್ಲ; ಆ ಊರಿನ ಬೇಸಾಯಗಾರರು, ಅಂಗಡಿಯವರು, ಉಪಾಧ್ಯಾಯರು. ಕೂಲಿ ಪಡೆಯುವುದಿರಲಿ, ತಾವೇ ಹಣ ತೆತ್ತು ಪಾತ್ರವನ್ನು ಕೊಳ್ಳುವ ಪದ್ಧತಿಯೂ ಉಂಟು. ಕುರುಕ್ಷೇತ್ರ ನಾಟಕದಲ್ಲಿ ಹೆಚ್ಚು ಹಣ ತೆರಬೇಕಾದ ಪಾತ್ರಗಳಲ್ಲಿ ದುರ್ಯೋಧನನದು ಮುಖ್ಯವಾದುದು. ಆದುದರಿಂದ ಹರಿದ್ವೇಷಿಯ ಪಾತ್ರವು ಯಾರೂ ಒಲ್ಲದ ಹೊರೆಯಲ್ಲ. ಆಸೆಪಟ್ಟು, ಸಾಲಮಾಡಿಯಾದರೂ ಪಡೆಯುವ ಪದವಿ. ಆಸೆಪಟ್ಟು ಪಡೆದುದೆಂಬ ಕಾರಣದಿಂದಲೇ ಧರ್ಮದ ಪ್ರಶ್ನೆಯು ಇನ್ನಷ್ಟು ತೀಕ್ಷ್ಣವಾಗುತ್ತದೆ.

ಮೊದಲು ಆಕ್ಷೇಪವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ಯುಕ್ತ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ದಕ್ಷನ ಯಜ್ಞಶಾಲೆಗೆ ಬಂದ ಸತೀದೇವಿಯು, ಧರ್ಮರಕ್ಷಕನಾದ ಒಡೆಯನ ನಿಂದೆಯು ಕಿವಿಗೆ ಬಿದ್ದಾಗ ಕಿವಿ ಮುಚ್ಚಿಕೊಂಡು ಹೊರಟುಹೋಗಬೇಕೆಂದೂ, ಶಕ್ತಿಯಿದ್ದರೆ ನಿಂದಕನನ್ನು ದಂಡಿಸಬೇಕೆಂದೂ ಹೇಳುತ್ತಾಳೆ. ಕೇಳುವುದೇ ದೋಷವಾದರೆ ಆಡುವುದು ಎಷ್ಟು ದೊಡ್ಡ ದೋಷ! ದಕ್ಷಯಜ್ಞದ ನಾಟಕವನ್ನು ಆಡುವ ಶಿವಭಕ್ತನಿಗೂ ಇದೇ ಸಂಕಟ. ಅವನು ದಕ್ಷನ ವೇಷ ತೊಟ್ಟು ಶಿವನನ್ನು ಸ್ಮಶಾನವಾಸಿಯೆಂದು ಜರೆಯಬೇಕು. ಸುತ್ತಲೂ ಕುಳಿತ ಅವನ ಬಂಧುಗಳು ಕಿವಿ ಮುಚ್ಚಿಕೊಳ್ಳದೆ ಬೆಳಗಾಗುವ ತನಕ ಕೇಳಬೇಕು. “ಬರಿಯ ಆಟ” ಎಂಬ ಒಂದು ಮಾತಿನಿಂದ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನಾಮಸ್ಮರಣೆಯನ್ನು ಆಟದಲ್ಲಿ ಮಾಡಿದರೂ ಪುಣ್ಯವೆಂದು ನಂಬುವವರು, ನಿಂದೆಯನ್ನು ಮಾತ್ರ ಆಟವೆಂದು ಬಿಟ್ಟುಬಿಡುವುದು ಹೇಗೆ?

ಇದಕ್ಕೆ ಶಾಸ್ತ್ರದೊಳಗಿನಿಂದಲೇ ಬರುವ ಸಮಾಧಾನವೊಂದುಂಟು. ಹಿರಣ್ಯಕಶಿಪುವು ವೈಕುಂಠದ ದ್ವಾರಪಾಲಕರಲ್ಲಿ ಒಬ್ಬನು. ಸನಕಾದಿಗಳ ಶಾಪದಿಂದ ಮೂರು ಜನ್ಮ ವೈರಿಯಾಗಿ ಹುಟ್ಟಿ ಮರಳಿ ಒಡೆಯನ ಬಾಗಿಲಿಗೆ ಸೇರತಕ್ಕವನು. ಏಳನೆಯ ಸ್ಕಂಧದಲ್ಲಿ ನಾರದನು ಕಾಮದಿಂದಲೋ ಭಯದಿಂದಲೋ ದ್ವೇಷದಿಂದಲೋ ಭಗವಂತನಲ್ಲಿ ಮನಸ್ಸನ್ನು ನೆಟ್ಟವರಿಗೆ ದೊರೆತ ಗತಿಯನ್ನು ಯುಧಿಷ್ಠಿರನಿಗೆ ತಿಳಿಸುತ್ತಾನೆ. ಈ ದೃಷ್ಟಿಯಿಂದ ವೈರವೂ ಒಂದು ಬಗೆಯ ಅನವರತ ಸ್ಮರಣೆಯೇ. ಆದರೆ ಈ ಸಮಾಧಾನವು ಎಲ್ಲ ವೈಷ್ಣವರಿಗೂ ಸಮ್ಮತವಾದುದಲ್ಲವೆಂಬುದನ್ನು ಮರೆಯಬಾರದು. ಮಾಧ್ವ ಸಂಪ್ರದಾಯದಲ್ಲಿ ದ್ವೇಷವು ಎಂದಿಗೂ ಮೋಕ್ಷಸಾಧನವಲ್ಲ. ಆ ದೈತ್ಯನ ದೇಹದಲ್ಲಿ ಶಾಪಗ್ರಸ್ತನಾದ ದ್ವಾರಪಾಲಕನೊಡನೆ ಸಹಜ ದೈತ್ಯನಾದ ಬೇರೊಬ್ಬ ಜೀವನೂ ಇದ್ದು, ಅವರವರ ಯೋಗ್ಯತೆಯಂತೆ ಅವರವರಿಗೆ ಗತಿಯಾಯಿತೆಂದು ಅವರು ವಿವರಿಸುತ್ತಾರೆ. ಹಾಗಾಗಿ ಒಂದೇ ಪಾತ್ರವನ್ನು ಇಬ್ಬರು ಭಕ್ತರು ವಹಿಸಿದರೆ ಅವರ ಅಂತಃಕರಣದ ಲೆಕ್ಕ ಒಂದೇ ಆಗಿರುವುದಿಲ್ಲ. ಸಿದ್ಧಾಂತವು ಕೆಲವರಿಗೆ ನೆಮ್ಮದಿ ಕೊಡಬಲ್ಲುದು, ಪ್ರಶ್ನೆಯನ್ನು ಮುಗಿಸಲಾರದು.

ಸಿದ್ಧಾಂತಕ್ಕಿಂತ ಆಚರಣೆಯು ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತದೆ. ಮೇಲುಕೋಟೆಯ ವೈರಮುಡಿ ಬ್ರಹ್ಮೋತ್ಸವದಲ್ಲಿ ಪ್ರಹ್ಲಾದ ಪರಿಪಾಲನೆ, ಗಜೇಂದ್ರಮೋಕ್ಷಗಳಂತೆ ಕಳ್ಳರ ಸುಲಿಗೆಯೆಂಬ ಉತ್ಸವವೂ ಉಂಟು. ಭಾಗವತರಿಗೆ ಅನ್ನವಿಡುವುದಕ್ಕಾಗಿ ದಾರಿಗರನ್ನು ಸುಲಿಯುತ್ತಿದ್ದ ತಿರುಮಂಗೈ ಆಳ್ವಾರರು, ಮದುವಣಿಗನ ವೇಷದಲ್ಲಿ ಬಂದ ನಾರಾಯಣನನ್ನೇ ಸುಲಿದು, ಕೊನೆಗೆ ಅವನಿಂದ ಅಷ್ಟಾಕ್ಷರವನ್ನು ಪಡೆದ ಕಥೆ ಅದು. ಕಳ್ಳತನವನ್ನು ಪಾಪವೆಂದು ಬೋಧಿಸುವ ಮತವೇ ದೇವರ ಕಳವನ್ನು ದೇವರೆದುರಿಗೆ ವರ್ಷಕ್ಕೊಮ್ಮೆ ಅಭಿನಯಿಸುತ್ತದೆ. ಗುಡಿಯು ಒಪ್ಪಿದುದನ್ನು ರಂಗಕ್ಕೆ ನಿಷೇಧಿಸುವುದು ಸುಲಭವಲ್ಲ. ಆದರೆ ಗುಡಿಯು ಇದನ್ನು ಒಪ್ಪಿದುದು ಒಂದು ಚೌಕಟ್ಟಿನೊಳಗೆ. ದಿನ ಗೊತ್ತು, ಕ್ರಮ ಗೊತ್ತು, ಕೊನೆಯೂ ಗೊತ್ತು. ನಿಂದೆಗಾಗಲಿ ಸುಲಿಗೆಗಾಗಲಿ ಎಡೆಯುಂಟು. ಆ ಎಡೆಗೆ ಗಡಿಯೂ ಉಂಟು.

ಮೂಡಲಪಾಯದ ಆಟವು ಇದೇ ಗಡಿಯನ್ನು ತನ್ನದೇ ಆದ ರೀತಿಯಲ್ಲಿ ಹಾಕಿಕೊಂಡಿದೆ. ಗಣಪತಿಯ ಪೂಜೆಯಿಲ್ಲದೆ ಆಟ ಮೊದಲಾಗದು, ಮಂಗಳವಿಲ್ಲದೆ ಮುಗಿಯದು. ದೈತ್ಯನು ರಂಗಕ್ಕೆ ಬರುವುದು ತೆರೆಯ ಮರೆಯಲ್ಲಿ. ಕಿರೀಟ, ಭುಜಕೀರ್ತಿ, ಎದೆಹಲಗೆಗಳ ಭಾರದಲ್ಲಿ ಊರಿನ ಪರಿಚಿತ ದೇಹವು ಅಡಗಿಹೋಗುತ್ತದೆ. ಬಂದೊಡನೆ ಸಾರಥಿಯು ಅವನನ್ನು ಯಾರೆಂದು ಕೇಳುತ್ತಾನೆ. ಅವನು ತನ್ನ ಹೆಸರನ್ನೂ ಬಿರುದನ್ನೂ ಸಾರಿ ಹೇಳಿಕೊಳ್ಳುತ್ತಾನೆ. ಈ ಪ್ರಶ್ನೋತ್ತರವನ್ನು ಕೇವಲ ಕಥಾಸೂಚನೆಯೆಂದು ಎಣಿಸುವವರು ಅದರ ಅರ್ಧಪ್ರಯೋಜನವನ್ನು ಮಾತ್ರ ಕಂಡಿದ್ದಾರೆ. ಇನ್ನು ಮುಂದೆ ಆಡುವ ಮಾತಿಗೆ ಹೊಣೆ ಯಾರೆಂಬುದನ್ನು ಸಭೆಯ ಎದುರಿಗೆ ಗೊತ್ತುಮಾಡುವ ಕ್ರಮ ಇದು. ಅಲ್ಲಿಂದ ಮಂಗಳದವರೆಗೆ ಮಾತಾಡುವವನು ಹಿರಣ್ಯಕಶಿಪು.

ಅಲಂಕಾರಶಾಸ್ತ್ರವೂ ಇಲ್ಲಿ ನೆರವಾಗುತ್ತದೆ. ಅಭಿನವಗುಪ್ತನು ನಟನಿಗೆ ಪಾತ್ರವೆಂಬ ಹೆಸರು ಏಕೆ ಬಂತೆಂಬುದನ್ನು ವಿಚಾರಿಸಿ, ಪಾನವನ್ನು ಸವಿಯುವವನು ಕುಡಿಯುವವನೇ ಹೊರತು ಅದನ್ನು ತುಂಬಿದ ಪಾತ್ರೆಯಲ್ಲವೆಂದು ತೋರಿಸಿದ್ದಾನೆ. ನಟನು ರಸವನ್ನು ಸಹೃದಯನಿಗೆ ಮುಟ್ಟಿಸುವ ಸಾಧನ. ಉಪಮೆಯು ಸೊಗಸಾದುದು. ಆದರೆ ಇಂಗಿಟ್ಟ ಭರಣಿಯಲ್ಲಿ ವಾಸನೆ ಉಳಿಯುವುದೆಂಬುದನ್ನು ಅಡುಗೆಮನೆಯವರು ಬಲ್ಲರು. ಪಾತ್ರೆಯನ್ನು ತೊಳೆಯುವ ಕೆಲಸವೊಂದಿದೆ. ಮೊದಲ ಪೂಜೆ, ಕಡೆಯ ಮಂಗಳಗಳು ಆ ಕೆಲಸವನ್ನು ಮಾಡುತ್ತವೆ. ತಮಿಳುನಾಡಿನ ಮೇಲಟ್ಟೂರಿನ ಭಾಗವತಮೇಳದಲ್ಲಿ ನರಸಿಂಹನ ಮುಖವಾಡವನ್ನೇ ಪೂಜಿಸುವರು. ಅದನ್ನು ಧರಿಸುವವನು ಉಪವಾಸವಿರುವನು. ದೇವರ ಪಾತ್ರಕ್ಕೇ ಇಷ್ಟು ಶುದ್ಧಿಯು ಬೇಕಾದರೆ ದೈತ್ಯನ ಪಾತ್ರಕ್ಕೆ ಬೇಡವೇ?

ಸಂಕಟವನ್ನು ಬೇರೊಂದು ಬಗೆಯಲ್ಲಿ ಪರಿಹರಿಸಿಕೊಂಡ ಉದಾಹರಣೆಯೂ ಈ ಸೀಮೆಯಲ್ಲಿಯೇ ಇದೆ. ಚಿಕ್ಕದೇವರಾಜ ಒಡೆಯರ (1673–1704) ಶ್ರೀರಂಗಪಟ್ಟಣದ ಆಸ್ಥಾನದಲ್ಲಿದ್ದ ಶ್ರೀವೈಷ್ಣವ ಕವಿ ಸಿಂಗರಾರ್ಯನು ಹರ್ಷನ ರತ್ನಾವಳಿಯನ್ನು ಕನ್ನಡಕ್ಕೆ ತರುವಾಗ ವತ್ಸರಾಜನನ್ನು ಕೈಬಿಟ್ಟು ಅವನ ಎಡೆಯಲ್ಲಿ ಶ್ರೀಕೃಷ್ಣನನ್ನು ನಿಲ್ಲಿಸಿ ಮಿತ್ರವಿಂದಾಗೋವಿಂದವನ್ನು ರಚಿಸಿದನು. ಕನ್ನಡದಲ್ಲಿ ಇಂದು ದೊರೆಯುವ ನಾಟಕಗಳಲ್ಲಿ ಇದೇ ಮೊದಲನೆಯದು. ಮಾನವ ರಾಜನ ಶೃಂಗಾರವನ್ನು ಹಾಡುವುದಕ್ಕಿಂತ ಇಷ್ಟದೈವದ ಲೀಲೆಯನ್ನು ಹಾಡುವುದು ಲೇಸೆಂಬ ಭಾವವು ಇದರಲ್ಲಿ ವ್ಯಕ್ತವಾಗಿದೆ. ಭಕ್ತಿಯ ದೃಷ್ಟಿಯಿಂದ ಇದು ಶ್ಲಾಘ್ಯವಾಗಬಹುದು; ನಾಟಕದ ದೃಷ್ಟಿಯಿಂದ ನಷ್ಟವೂ ಉಂಟು. ಹಿರಿಯ ರಾಣಿಗೆ ಅಂಜುತ್ತ, ಕಣ್ಣು ತಪ್ಪಿಸಿ ಪ್ರಿಯೆಯನ್ನು ಕಾಣಲು ಹೆಣಗುವ ವತ್ಸರಾಜನ ತೊಡಕು ಸರ್ವಜ್ಞನಾದ ಗೋವಿಂದನಿಗೆ ಹೊಂದುವುದು ಕಷ್ಟ. ಹರ್ಷನಾದರೋ ರತ್ನಾವಳಿಯ ನಾಂದಿಯಲ್ಲಿ ಶಿವಪಾರ್ವತಿಯರನ್ನೂ ನಾಗಾನಂದದ ನಾಂದಿಯಲ್ಲಿ ಬುದ್ಧನನ್ನೂ ನೆನೆದು, ನಾಂದಿಯಾದ ಮೇಲೆ ಕಥೆಯನ್ನು ಅದರ ಸ್ವಭಾವಕ್ಕೆ ಬಿಟ್ಟನು. ನಂಬಿಕೆಯು ನಾಟಕದ ಬಾಗಿಲಲ್ಲಿ ನಿಂತರೆ ಕಥೆಗೆ ಕಾವಲು. ಒಳಹೊಕ್ಕು ಪಾತ್ರಗಳನ್ನು ತಿದ್ದಹೊರಟರೆ ಅವುಗಳ ಉಸಿರಿಗೆ ಅಡ್ಡಿ.

ರತ್ನಾವಳಿಯ ಹೆಸರನ್ನೇ ತಮ್ಮ ಮಂಡಳಿಗೆ ಇಟ್ಟುಕೊಂಡಿದ್ದ ಮೈಸೂರಿನ ಎ. ವಿ. ವರದಾಚಾರ್ಯರು (1869–1926) ಸಿಂಗರಾರ್ಯನಂತೆ ಪಾತ್ರವನ್ನು ಬದಲಿಸುವ ದಾರಿಯನ್ನು ಹಿಡಿಯಲಿಲ್ಲ. ಶ್ರೀವೈಷ್ಣವ ಮನೆತನದವರಾದರೂ ಪ್ರಹ್ಲಾದಚರಿತ್ರೆಯಲ್ಲಿ ಹಿರಣ್ಯಕಶಿಪುವಿನ ಪಾತ್ರವನ್ನೇ ವಹಿಸಿ ಹೆಸರಾದರು. ಗುಬ್ಬಿಯ ವೀರಣ್ಣನವರ ಕಂಪೆನಿಯೂ ವೀರಶೈವ ಶರಣನಾದ ಚನ್ನಬಸವೇಶ್ವರನ ಹೆಸರನ್ನು ಹೊತ್ತು ಕೃಷ್ಣಕಥೆಗಳನ್ನು ಆಡಿ ನಾಡನ್ನು ರಂಜಿಸಿತು. ಆದರೆ ಕಂಪೆನಿಯ ರಂಗದಲ್ಲಿ ಸಾರಥಿಯ ಪ್ರಶ್ನೆಯು ಮರೆಯಾಯಿತು, ವೇಷದ ಭಾರವು ಇಳಿಯಿತು, ಮಾತು ದಿನಬಳಕೆಗೆ ಹತ್ತಿರವಾಯಿತು. ನಟನಿಗೂ ಪಾತ್ರಕ್ಕೂ ನಡುವಣ ಗೋಡೆ ತೆಳುವಾದಂತೆ ಹೊಣೆಯು ನಟನ ವಿವೇಕದ ಮೇಲೆ ಬಿದ್ದಿತು. ಹಳ್ಳಿಯ ಪೌರಾಣಿಕ ನಾಟಕಗಳು ಪಡೆದುದು ಈ ರಂಗವನ್ನು.

ಇಲ್ಲಿ ಎರಡು ದೋಷಗಳು ಸಂಭವಿಸುತ್ತವೆ. ಒಂದು ಅಂಜಿಕೆಯ ದೋಷ. ಪಾಪಕ್ಕೆ ಹೆದರಿದ ನಟನು ನಿಂದೆಯ ಮಾತನ್ನು ನುಂಗಿಬಿಡುವನು, ಇಲ್ಲವೆ ದೈತ್ಯನ ಬಾಯಲ್ಲಿಯೇ ಭಕ್ತಿಯ ಎಳೆಯನ್ನು ಸೇರಿಸುವನು. ತಂದೆಯ ವೈರವು ಸಡಿಲವಾದರೆ ಮಗನ ಭಕ್ತಿಗೆ ಒರೆಗಲ್ಲೇ ಇಲ್ಲ. ಕಂಬ ಒಡೆಯುವುದಕ್ಕೂ ಕಾರಣವಿಲ್ಲ. ಹರಿಭಕ್ತಿಯಿಂದ ಮಾಡಿದ ತಿದ್ದುಪಡಿಯೇ ಹರಿಮಹಿಮೆಯನ್ನು ಕುಗ್ಗಿಸುತ್ತದೆ. ಇನ್ನೊಂದು ಚಪ್ಪಾಳೆಯ ದೋಷ. ಸಭೆಯನ್ನು ಮೆಚ್ಚಿಸಲು ನಟನು ಕಥೆಗೆ ಸಲ್ಲದ ಬೈಗುಳನ್ನು ತನ್ನ ಕೈಯಿಂದ ಸೇರಿಸುವನು. ಮೊದಲಿನ ನಿಂದೆ ಹಿರಣ್ಯಕಶಿಪುವಿನದು. ಈ ನಿಂದೆ ನಟನ ಸ್ವಂತದ್ದು. ಸತೀದೇವಿಯ ಮಾತು ಮುಟ್ಟುವುದು ಇವನನ್ನು. ಕಥೆಯು ಬೇಡಿದಷ್ಟು ಕಠೋರವಾಗಿ ಆಡಿದವನು ನಿರ್ದೋಷಿ. ಅದಕ್ಕಿಂತ ಒಂದು ಮಾತು ಹೆಚ್ಚಾಗಿ ಆಡಿದವನು ತನ್ನ ಲೆಕ್ಕಕ್ಕೆ ಆಡಿದನು.

ಈ ನಿಯಮಕ್ಕೂ ಒಂದು ಎಲ್ಲೆಯಿದೆ. ಹಿರಣ್ಯಕಶಿಪುವಿನ ವಂಶದವರು ಯಾವ ಊರಿನಲ್ಲಿಯೂ ಇಲ್ಲ; ಅವನನ್ನು ಎಷ್ಟು ಕ್ರೂರನಾಗಿ ತೋರಿಸಿದರೂ ನೋಯುವ ನೆರೆಯವರಿಲ್ಲ. ಎದುರಾಳಿಯ ಪಾತ್ರವು ಜೀವಂತ ಮತವೊಂದಕ್ಕೆ ಸೇರಿದಾಗ ಮಾತು ಬೇರೆ. ಜರ್ಮನಿಯ ಒಬರಾಮರ್ಗೌ ಎಂಬ ಹಳ್ಳಿಯವರು 1633ರಲ್ಲಿ ಹೊತ್ತ ಹರಕೆಯಂತೆ ಯೇಸುವಿನ ಯಾತನೆಯ ನಾಟಕವನ್ನು 1634ರಿಂದ ಆಡುತ್ತ ಬಂದಿದ್ದಾರೆ. ಅದರಲ್ಲಿ ಯೆಹೂದ್ಯರನ್ನು ಚಿತ್ರಿಸಿದ ರೀತಿಯು ಬಹುಕಾಲ ಆಕ್ಷೇಪಕ್ಕೆ ಗುರಿಯಾಗಿ, ಈಚಿನ ದಶಕಗಳಲ್ಲಿ ಪಾಠವನ್ನು ತಿದ್ದಬೇಕಾಯಿತು. ಗುರುವಿಗೆ ದ್ರೋಹ ಬಗೆದ ಯೂದನ ಪಾತ್ರವನ್ನು 2022ರಲ್ಲಿ ಅಲ್ಲಿಯ ಮುಸಲ್ಮಾನ ಮನೆತನದ ತರುಣನು ವಹಿಸಿದನು. ತೊಣ್ಣೂರಿನಲ್ಲಿ ರಾಮಾನುಜಾಚಾರ್ಯರು ಸಾವಿರ ಜೈನವಾದಿಗಳನ್ನು ಗೆದ್ದರೆಂಬ ಐತಿಹ್ಯವನ್ನು ರಂಗಕ್ಕೆ ತರುವವರು ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯಿರುವುದನ್ನು ನೆನಪಿನಲ್ಲಿಡಬೇಕು. 1368ರಲ್ಲಿ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ವಿವಾದವನ್ನು ತೀರಿಸಿದಾಗ ಮುಂದೆ ನಿಂತ ಆಚಾರ್ಯರಲ್ಲಿ ತಿರುನಾರಾಯಣಪುರದವರೂ, ಎಂದರೆ ಮೇಲುಕೋಟೆಯವರೂ, ಇದ್ದರೆಂದು ಶ್ರವಣಬೆಳಗೊಳದ ಶಾಸನವು ಹೇಳುತ್ತದೆ. ಅಂತಹ ಕಥೆಗಳಲ್ಲಿ ಎದುರಾಳಿಯ ಮಾತಿಗೆ ಅದರ ಗೌರವವು ಸಲ್ಲಬೇಕು. ನಟನಿಗೆ ಇಲ್ಲಿ ಪಾಪಭೀತಿಗಿಂತ ನೆರೆಯವರ ಮುಖದ ನೆನಪು ಹೆಚ್ಚಿನ ಮಾರ್ಗದರ್ಶಿ.

ಇಷ್ಟಾದ ಮೇಲೂ ಮನಸ್ಸು ಒಪ್ಪದವನು ಪಾತ್ರವನ್ನು ಬೇಡವೆಂದರೆ ಅವನನ್ನು ಹೇಡಿಯೆಂದು ಹಂಗಿಸುವುದು ಸಲ್ಲದು. ಒಪ್ಪಿ ವೇಷ ತೊಟ್ಟವನಾದರೋ ಅರೆಮನಸ್ಸಿನಿಂದ ತೊಡಬಾರದು. ನರಸಿಂಹನು ಕಂಬವನ್ನು ಒಡೆದು ಬರಬೇಕಾದರೆ ಅದನ್ನು ಒದೆಯುವವನೊಬ್ಬನು ಬೇಕು. ಆ ಕಾಲು ಭಕ್ತನದಾದರೆ ಒದೆತವು ಹಗುರವಾಗಬೇಕಿಲ್ಲ. ಬೆಳಗಿನ ಜಾವ ಮಂಗಳವಾಗಿ, ಬಣ್ಣ ತೊಳೆದು, ಬೆಟ್ಟದ ಕಡೆಗೆ ತಿರುಗಿ ಅವನು ಕೈಮುಗಿದರೆ ಆ ಎರಡರ ನಡುವೆ ವಿರೋಧವನ್ನು ಕಾಣಬೇಕಾದ ಕಾರಣವಿಲ್ಲ.