ಲ್ಯಾಪ್‌ಟಾಪಿನ ಆಯ್ಕೆ: ಕೊಂಡ ಮೇಲೆ ಮಾರ್ಪಡದ ಗುಣಗಳು

ಮನೆಯಲ್ಲಿ ಮಕ್ಕಳ ಪಾಠಕ್ಕೂ, ಸಂಸಾರದ ಆಯವ್ಯಯದ ಲೆಕ್ಕಕ್ಕೂ, ಸಂಜೆಯ ಹೊತ್ತು ಎಲ್ಲರೂ ಕೂಡಿ ನೋಡುವ ಚಲನಚಿತ್ರಕ್ಕೂ ಒದಗಬೇಕಾದ ಯಂತ್ರವೇ, ಮರುದಿನ ನಸುಕಿನಲ್ಲಿ ಚೀಲವನ್ನು ಸೇರಿ, ಧಾರವಾಡದ ರೈಲಿನಲ್ಲಾಗಲಿ ಮುಂಬಯಿಯ ವಿಮಾನದಲ್ಲಾಗಲಿ ಒಡೆಯನ ಮುಂದೆ ತೆರೆದುಕೊಂಡು, ವ್ಯವಹಾರದ ಪತ್ರಗಳನ್ನೂ ದರಪಟ್ಟಿಗಳನ್ನೂ ಸಿದ್ಧಪಡಿಸಿಕೊಡಬೇಕೆಂಬುದು ಇಂದು ನಗರಗಳಲ್ಲಿಯೂ ತಾಲ್ಲೂಕು ಕೇಂದ್ರಗಳಲ್ಲಿಯೂ ಅನೇಕಾನೇಕ ಕುಟುಂಬಗಳ ಅಪೇಕ್ಷೆಯಾಗಿದೆ. ಎರಡು ಯಂತ್ರಗಳನ್ನು ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲವಾದುದರಿಂದ ಈ ಅಪೇಕ್ಷೆ ನ್ಯಾಯವಾದುದೇ. ಆದರೆ ಆ ಒಂದು ಯಂತ್ರವನ್ನು ಆರಿಸಿಕೊಳ್ಳುವಲ್ಲಿ ನಮ್ಮಲ್ಲಿ ರೂಢಿಯಾಗಿರುವ ಪದ್ಧತಿ ವಿಮರ್ಶೆಗೆ ಒಳಪಡತಕ್ಕುದಾಗಿದೆ. ಪ್ರೊಸೆಸರಿನ ಹೆಸರು, ರ‍್ಯಾಮಿನ ಅಂಕಿ, ಎಸ್‌ಎಸ್‌ಡಿಯ ಅಂಕಿ, ಕಡೆಗೆ ಬೆಲೆ. ಈ ನಾಲ್ಕನ್ನು ಅಕ್ಕಪಕ್ಕದಲ್ಲಿಟ್ಟು, ಕಡಮೆ ಬೆಲೆಗೆ ಹೆಚ್ಚು ಅಂಕಿ ಯಾವುದರಲ್ಲಿದೆಯೋ ಅದೇ ಉತ್ತಮವೆಂದು ತೀರ್ಮಾನಿಸುವುದು ಈಗಿನ ಕ್ರಮ. ಕೊಂಡ ಮೇಲೆ ಕೂಡಿಸಿಕೊಳ್ಳಬಹುದಾದ ಗುಣ ಯಾವುದು, ಆಮೇಲೆ ಎಷ್ಟು ಹಣ ಸುರಿದರೂ ಮಾರ್ಪಡಿಸಲಾಗದ ಗುಣ ಯಾವುದು ಎಂಬ ವಿವೇಚನೆಗೆ ಈ ಕ್ರಮದಲ್ಲಿ ಸ್ಥಳವೇ ಇಲ್ಲ. ಅದೇ ಇದರ ದೊಡ್ಡ ದೋಷವೆಂದು ನಾನು ಭಾವಿಸುತ್ತೇನೆ.

ಒಯ್ಯುವ ಅನುಕೂಲಕ್ಕೂ ಬಳಸುವ ಅನುಕೂಲಕ್ಕೂ ನಡುವಣ ಈ ಘರ್ಷಣೆ ಹೊಸದಲ್ಲ. 1981ರಲ್ಲಿ ಹೊರಬಂದ ಆಸ್ಬಾರ್ನ್ 1 ಎಂಬ ಗಣಕವು ವಿಮಾನದ ಆಸನದ ಕೆಳಗೆ ಹಿಡಿಸಬೇಕೆಂಬ ಉದ್ದೇಶದಿಂದ ರಚಿತವಾದುದು. ಆದರೆ ಅದರ ತೂಕ ಸುಮಾರು 11 ಕಿಲೋಗ್ರಾಮಾಗಿ, ಪರದೆ ಬರಿಯ 5 ಅಂಗುಲದ್ದಾಗಿ, ಒಯ್ದವನ ತೋಳಿಗೂ ಓದಿದವನ ಕಣ್ಣಿಗೂ ಅದು ಸಮಾನವಾದ ಆಯಾಸವನ್ನು ಕೊಡುತ್ತಿದ್ದಿರಬೇಕು. ಮರುವರ್ಷವೇ ಬಿಲ್ ಮಾಗ್ರಿಜ್ ಎಂಬ ಆಂಗ್ಲ ವಿನ್ಯಾಸಕನು ರೂಪಿಸಿದ ಗ್ರಿಡ್ ಕಂಪಾಸ್ ಯಂತ್ರವು, ಪರದೆಯನ್ನು ಕೀಲಿಮಣೆಯ ಮೇಲೆ ಮಡಿಸಿ ಮುಚ್ಚುವ ಆಕಾರವನ್ನು ತಂದಿತು. ಅದರ ಬೆಲೆ ಎಂಟು ಸಾವಿರ ಡಾಲರುಗಳಿಗೂ ಮೀರಿದ್ದರೂ ಆ ಆಕಾರ ಮಾತ್ರ ಇಂದಿನವರೆಗೂ ಉಳಿದುಬಂದಿದೆ. 1991ರಲ್ಲಿ ಆ್ಯಪಲ್ ಸಂಸ್ಥೆಯ ಪವರ್‌ಬುಕ್, ಕೀಲಿಮಣೆಯನ್ನು ಹಿಂದಕ್ಕೆ ಸರಿಸಿ, ಮುಂಗೈಗಳನ್ನು ಊರಿಕೊಳ್ಳುವುದಕ್ಕೆ ಮುಂಭಾಗದಲ್ಲಿ ಸ್ಥಳವನ್ನು ಬಿಟ್ಟಿತು. ಗಣನಶಕ್ತಿಗೆ ಎಳ್ಳಷ್ಟೂ ಸಂಬಂಧಿಸದ ಈ ಮಾರ್ಪಾಟು ಕೈಗೆ ಉಂಟುಮಾಡಿದ ಸೌಖ್ಯ ಎಷ್ಟಿತ್ತೆಂದರೆ, ಅನಂತರದ ತಯಾರಕರೆಲ್ಲರೂ ಅದನ್ನೇ ಅನುಸರಿಸಿದರು. ಆ ಕಾಲದ ಪ್ರೊಸೆಸರುಗಳ ವೇಗ ಇಂದು ಯಾರಿಗೂ ಬೇಡವಾಗಿದೆ. ಕೈಗೂ ಕಣ್ಣಿಗೂ ಸಂಬಂಧಿಸಿದ ನಿರ್ಧಾರಗಳೇ ಬಾಳಿಕೊಂಡು ಬಂದಿವೆ.

ಮನೆಗೂ ಪ್ರವಾಸಕ್ಕೂ ಒಂದೇ ಯಂತ್ರವೆಂದಾಗ ಯಾವುದನ್ನು ಮುಂದಿಟ್ಟುಕೊಂಡು ಆರಿಸಬೇಕು? ಹೆಚ್ಚು ಗಂಟೆಗಳು ಕಳೆಯುವುದು ಮನೆಯಲ್ಲಾದುದರಿಂದ ಮನೆಯ ಅಗತ್ಯಕ್ಕೇ ಪ್ರಾಧಾನ್ಯವೆಂದು ಬಹುಮಂದಿ ಹೇಳುತ್ತಾರೆ. ಮೇಲುನೋಟಕ್ಕೆ ಅದು ಯುಕ್ತವಾಗಿಯೂ ಕಾಣುತ್ತದೆ. ಆದರೆ ಪ್ರವಾಸಕ್ಕೆ ತಕ್ಕ ಹಗುರವಾದ ಯಂತ್ರಕ್ಕೆ ಮನೆಯಲ್ಲಿ 24 ಅಂಗುಲದ ಮಾನಿಟರನ್ನೂ ಬೇರೊಂದು ಕೀಲಿಮಣೆ ಮತ್ತು ಮೌಸನ್ನೂ ಜೋಡಿಸಿದರೆ, ಯಾವ ದೊಡ್ಡ ಲ್ಯಾಪ್‌ಟಾಪೂ ಕೊಡಲಾರದ ಸೌಕರ್ಯ ದೊರೆಯುತ್ತದೆ, ಬಾಗಿದ ಕತ್ತು ನೆಟ್ಟಗಾಗುತ್ತದೆ. ಮನೆಗೆಂದು ಕೊಂಡ ಎರಡೂಕಾಲು ಕಿಲೋಗ್ರಾಮಿನ ಯಂತ್ರದಿಂದಲಾದರೋ, ಪ್ರಯಾಣದ ದಿನ ಒಂದು ತೊಲದಷ್ಟನ್ನೂ ಕಳೆಯಲಾಗುವುದಿಲ್ಲ. ಮನೆಯ ಕೊರತೆ ತುಂಬಿಕೊಳ್ಳಬಹುದಾದ ಕೊರತೆ. ಪ್ರವಾಸದ ಹೊರೆ ಇಳಿಸಲಾಗದ ಹೊರೆ. ಆದುದರಿಂದ ಪ್ರವಾಸಕ್ಕೆ ಒಪ್ಪುವಂಥದನ್ನು ಆರಿಸಿ ಮನೆಯನ್ನು ಅದಕ್ಕೆ ಅಣಿಗೊಳಿಸುವುದೇ ಸರಿಯಾದ ಕ್ರಮ. ತೂಕವನ್ನು ನೋಡುವಾಗ ಚಾರ್ಜರನ್ನು ಮರೆಯುವುದೂ ಸರ್ವಸಾಮಾನ್ಯ. ಆಟಗಳಿಗೆಂದು ಮಾಡಿದ ಯಂತ್ರಗಳ ಚಾರ್ಜರೊಂದೇ ಅರ್ಧ ಕಿಲೋಗ್ರಾಮನ್ನು ಮೀರುವುದುಂಟು. ಯುಎಸ್‌ಬಿ-ಸಿ ಮೂಲಕ ವಿದ್ಯುತ್ತನ್ನು ಪಡೆಯುವ ಯಂತ್ರಕ್ಕೆ 65 ವ್ಯಾಟಿನ ಸಣ್ಣ ಚಾರ್ಜರು ಸಾಕಾಗಿ, ಕೈಫೋನಿಗೂ ಅದೇ ಒದಗುತ್ತದೆ.

ಪರದೆಯ ವಿಷಯ ಸ್ವಲ್ಪ ವಿಸ್ತಾರವಾದ ವಿಚಾರಣೆಯನ್ನು ಬೇಡುತ್ತದೆ. ಪರದೆಯನ್ನು ಕರ್ಣದ ಅಳತೆಯೊಂದರಿಂದಲೇ ಗುರುತಿಸುವ ವಾಡಿಕೆಯಿಂದಾಗಿ, 15.6 ಅಂಗುಲದ್ದು ದೊಡ್ಡದು, 14 ಅಂಗುಲದ್ದು ಚಿಕ್ಕದು ಎಂಬ ಭಾವನೆ ಬೇರೂರಿದೆ. ಅಗಲಕ್ಕೂ ಎತ್ತರಕ್ಕೂ 16:9 ಪ್ರಮಾಣವಿರುವ 15.6 ಅಂಗುಲದ ಪರದೆಯ ಎತ್ತರ ಸುಮಾರು 19.4 ಸೆಂಟಿಮೀಟರು; 16:10 ಪ್ರಮಾಣದ 14 ಅಂಗುಲದ ಪರದೆಯ ಎತ್ತರ ಸುಮಾರು 18.8 ಸೆಂಟಿಮೀಟರು. ಓದು ಬರಹಗಳಿಗೆ ಮುಖ್ಯವಾದುದು ಎತ್ತರವೇ ಆದುದರಿಂದ, ಇಲ್ಲಿ ಕಳೆದುಕೊಳ್ಳುವುದು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ. ಉಳಿಸಿಕೊಳ್ಳುವುದು ನಾಲ್ಕು ಸೆಂಟಿಮೀಟರಿಗೂ ಮಿಕ್ಕ ಅಗಲವನ್ನೂ ಅದರೊಡನೆ ಸಾಕಷ್ಟು ಭಾರವನ್ನೂ. ಕನ್ನಡದಲ್ಲಿ ಬರೆಯುವವರಿಗೆ ಈ ವಿಚಾರ ಇನ್ನೂ ಹತ್ತಿರದ್ದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುವಾದುದರಿಂದ ಕನ್ನಡದ ಪಂಕ್ತಿಗೆ ಇಂಗ್ಲಿಷಿನ ಪಂಕ್ತಿಗಿಂತ ಹೆಚ್ಚು ಅವಕಾಶ ಬೇಕು. ಎತ್ತರ ಕಡಮೆಯಾದ ಪರದೆಯಲ್ಲಿ ಪುಟದ ಅಲ್ಪಭಾಗವಷ್ಟೇ ಕಣ್ಣಿಗೆ ಬೀಳುತ್ತದೆ. 15.6 ಅಂಗುಲದಲ್ಲಿ 1366×768 ಬಿಂದುಗಳಿರುವ ಹಳೆಯ ಬಗೆಯ ಪರದೆಯಲ್ಲಿ ಅಂಗುಲಕ್ಕೆ ನೂರು ಬಿಂದುಗಳಷ್ಟೇ ಸಿಕ್ಕುವುದರಿಂದ, ‘ಸ್ತ್ರೀ’, ‘ರಾಷ್ಟ್ರ’ ಎಂಬಂಥ ಪದಗಳ ಒತ್ತುಗಳು ಸಣ್ಣ ಅಕ್ಷರದಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. 14 ಅಂಗುಲದಲ್ಲಿ 1920×1200 ಬಿಂದುಗಳಿದ್ದರೆ ಅಂಗುಲಕ್ಕೆ ನೂರರುವತ್ತು ಬಿಂದುಗಳು ಒದಗಿ ಅವೇ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ದಿನವೂ ಕನ್ನಡವನ್ನು ಓದುವ ಕಣ್ಣಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಪ್ರೊಸೆಸರೂ ಮಾಡಲಾರದು.

ಪ್ರಕಾಶದ ಮಾತೂ ಇದೇ ಬಗೆಯದು. ಕಡಮೆ ಬೆಲೆಯ ಯಂತ್ರಗಳಲ್ಲಿ 250 ನಿಟ್ ಪ್ರಕಾಶದ ಪರದೆಗಳೇ ಹೆಚ್ಚು. ದೀಪದ ಬೆಳಕಿನ ಕೋಣೆಯಲ್ಲಿ ಇವು ಕುಂದಾಗಿ ಕಾಣುವುದಿಲ್ಲ. ರೈಲಿನ ಕಿಟಕಿಯ ಪಕ್ಕದಲ್ಲಿಯೋ, ಗಾಜಿನ ಗೋಡೆಗಳ ವಿಮಾನ ನಿಲ್ದಾಣದಲ್ಲಿಯೋ ಕುಳಿತಾಗ, ಬರಹದ ಬದಲು ಓದುವವನ ಮುಖವೇ ಅವುಗಳಲ್ಲಿ ಪ್ರತಿಫಲಿಸುತ್ತದೆ. ಹೊಳಪಿಲ್ಲದ ಮೇಲ್ಮೈಯೂ 400 ನಿಟ್ಟಿನ ಸಮೀಪದ ಪ್ರಕಾಶವೂ ಪ್ರವಾಸಿಗೆ ಅವಶ್ಯವೆಂದೇ ಹೇಳಬೇಕು. ವರ್ಣಗಳ ವ್ಯಾಪ್ತಿ ಶೇಕಡಾ 45 ಎನ್‌ಟಿಎಸ್‌ಸಿ ಎಂದು ನಮೂದಾಗಿರುವ ಪರದೆಯಲ್ಲಿ ಬಣ್ಣಗಳು ಪೇಲವವಾಗಿ ಕಾಣುತ್ತವೆ. ಬಟ್ಟೆ, ಒಡವೆ, ಬಣ್ಣದ ಅಚ್ಚು, ಇವುಗಳ ವ್ಯಾಪಾರಿಯಾದವನು ಅಂಥ ಪರದೆಯಲ್ಲಿ ಗಿರಾಕಿಗೆ ಮಾಲನ್ನು ತೋರಿಸುವುದು ತನ್ನ ಮಾಲಿಗೇ ಮಾಡುವ ಅನ್ಯಾಯ.

ಕೀಲಿಮಣೆಯನ್ನು ಅಂಗಡಿಯಲ್ಲಿ ಒತ್ತಿ ನೋಡುವವರೇ ವಿರಳ. 15.6 ಅಂಗುಲದ ಯಂತ್ರಗಳಲ್ಲಿ ಬಲಗಡೆ ಸಂಖ್ಯೆಗಳ ಕೀಲಿಗಳನ್ನು ಸೇರಿಸುವುದರಿಂದ ಅಕ್ಷರಗಳ ಕೀಲಿಗಳು ಎಡಕ್ಕೆ ಸರಿದು, ಬೆರಳಚ್ಚು ಮಾಡುವವನು ಪರದೆಯ ಮಧ್ಯವನ್ನು ಬಿಟ್ಟು ಓರೆಯಾಗಿ ಕೂಡಬೇಕಾಗುತ್ತದೆ. ದಿನವಿಡೀ ಅಂಕಿಗಳನ್ನೇ ತುಂಬುವ ಲೆಕ್ಕಿಗನಿಗೆ ಇದು ಅನುಕೂಲ, ಉಳಿದವರಿಗೆ ಅಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡವನ್ನು ಬರೆಯುವವರು ಮತ್ತೊಂದನ್ನು ಗಮನಿಸಬೇಕು. ಆ ವಿನ್ಯಾಸದಲ್ಲಿ ಚ, ಟ, ಡ ಮೊದಲಾದ ಅಕ್ಷರಗಳು ಬಲತುದಿಯ ಚಿಹ್ನೆಗಳ ಕೀಲಿಗಳಲ್ಲಿವೆ. ಕೆಲವು ತಯಾರಕರು ಯಂತ್ರವನ್ನು ಚಿಕ್ಕದು ಮಾಡಲೋಸುಗ ಆ ಕೀಲಿಗಳನ್ನೇ ಇಕ್ಕಟ್ಟುಗೊಳಿಸುತ್ತಾರೆ. ಕೆ.ಪಿ. ರಾವ್ ಅವರು ರೂಪಿಸಿ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಪ್ರಚಾರಕ್ಕೆ ಬಂದ ವಿನ್ಯಾಸದಲ್ಲಿ ಬರೆಯುವವರಿಗೆ ಈ ತೊಡಕಿಲ್ಲ.

ಇನ್ನು ಪ್ರೊಸೆಸರು. ಇಲ್ಲಿ ನನ್ನ ಆಕ್ಷೇಪಣೆ ಕೊಳ್ಳುವವರ ಮೇಲಲ್ಲ, ಹೆಸರಿಡುವವರ ಮೇಲೆ. ಎಎಂಡಿ ಸಂಸ್ಥೆಯು ತನ್ನ 7000 ಶ್ರೇಣಿಯಲ್ಲಿ ಬಳಸಿದ ಕ್ರಮದಲ್ಲಿ ಮೊದಲ ಅಂಕಿ ವರ್ಷವನ್ನು ಸೂಚಿಸುತ್ತಿತ್ತು, ಒಳಗಿನ ರಚನೆ ಯಾವ ಪೀಳಿಗೆಯದೆಂಬುದನ್ನು ಮೂರನೆಯ ಅಂಕಿ ಸೂಚಿಸುತ್ತಿತ್ತು. ರೈಜನ್ 5 7520ಯು ಎಂಬ ಹೆಸರನ್ನು ಓದಿದ ಸಾಮಾನ್ಯನು ಮೊದಲಿನ ಏಳನ್ನು ಕಂಡು ನವೀನವೆಂದು ನಂಬುತ್ತಾನೆ. ಒಳಗಿರುವುದಾದರೋ 2019ರಲ್ಲಿ ಬಂದ ಝೆನ್ 2 ರಚನೆ. ಇಂಟೆಲ್ ಪ್ರೊಸೆಸರುಗಳಲ್ಲಿಯೂ ಐ5, ಐ7 ಎಂಬ ಮೊದಲ ಭಾಗವನ್ನು ನೋಡಿ ಮೇಲುಕೀಳುಗಳನ್ನು ಎಣಿಸುವವರು, ಕೊನೆಯಲ್ಲಿರುವ ಯು ಎಂಬ ಅಕ್ಷರ ಸುಮಾರು 15 ವ್ಯಾಟಿನ ಮಿತವ್ಯಯದ ವರ್ಗವನ್ನೂ, ಎಚ್ ಎಂಬ ಅಕ್ಷರ 45 ವ್ಯಾಟಿನ ಬಿರುಸಾದ ವರ್ಗವನ್ನೂ ಸೂಚಿಸುತ್ತದೆಂಬುದನ್ನು ಕಾಣದೆ ಹೋಗುತ್ತಾರೆ. ಪತ್ರ, ಲೆಕ್ಕ, ವೀಡಿಯೋ ಸಭೆ, ಸಿನಿಮಾ ಇಷ್ಟೇ ಕೆಲಸವಿರುವವನಿಗೆ ಎರಡನೆಯದು ಕೊಡುವುದು ಶಾಖವನ್ನೂ ಸದ್ದನ್ನೂ ಬೇಗ ಬರಿದಾಗುವ ಬ್ಯಾಟರಿಯನ್ನೂ ಮಾತ್ರ. 2020ರ ಕೊನೆಯಲ್ಲಿ ಎಂ1 ಚಿಪ್ಪಿನೊಡನೆ ಬಂದ ಮ್ಯಾಕ್‌ಬುಕ್ ಏರ್ ಫ್ಯಾನೇ ಇಲ್ಲದೆ ಈ ಕೆಲಸಗಳನ್ನೆಲ್ಲ ಸಲೀಸಾಗಿ ನಡೆಸಿ, ವೇಗಕ್ಕೂ ಶಾಂತತೆಗೂ ವಿರೋಧವಿಲ್ಲವೆಂಬುದನ್ನು ಪ್ರತ್ಯಕ್ಷವಾಗಿ ತೋರಿಸಿತು. ಅದೇ ಯಂತ್ರದಲ್ಲಿ ರ‍್ಯಾಮನ್ನಾಗಲಿ ಸಂಗ್ರಹವನ್ನಾಗಲಿ ಆಮೇಲೆ ಹೆಚ್ಚಿಸಲು ಬರುವುದಿಲ್ಲವೆಂಬುದೂ ಅಷ್ಟೇ ನಿಜ. ಈಗ ತೆಳುವಾದ ಯಂತ್ರಗಳಲ್ಲಿ ಬಹುಪಾಲಿನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರಾಗಿ, 8 ಜಿಬಿಗೆ ತೃಪ್ತರಾಗಿ ಮುಂದೆ ನೋಡೋಣವೆನ್ನುವ ಮಾತು ಸಲ್ಲದು. 16 ಜಿಬಿಯನ್ನು ಕೊಳ್ಳುವಾಗಲೇ ಕೇಳಿ ಪಡೆಯಬೇಕು. ಎಸ್‌ಎಸ್‌ಡಿಯನ್ನಾದರೋ ಅನೇಕ ವಿಂಡೋಸ್ ಯಂತ್ರಗಳಲ್ಲಿ ಬದಲಾಯಿಸಬಹುದು. ಹಣ ಸಾಲದಿದ್ದರೆ ಮೊಟಕುಗೊಳಿಸತಕ್ಕುದು ಅದನ್ನು.

ಬ್ಯಾಟರಿಯ ಬಗೆಗೆ ಪ್ರಕಟಣೆಗಳಲ್ಲಿ ಹೇಳುವ ಗಂಟೆಗಳನ್ನು ನಂಬುವುದಕ್ಕಿಂತ, ಅದರ ಮೇಲೆ ಬರೆದಿರುವ ವ್ಯಾಟ್-ಅವರ್ ಅಂಕಿಯನ್ನು ನೋಡುವುದು ಮೇಲು. 60 ವ್ಯಾಟ್-ಅವರಿನ ಬ್ಯಾಟರಿ, ಯಂತ್ರ ಸರಾಸರಿ 6 ವ್ಯಾಟನ್ನು ಬಳಸಿದರೆ ಹತ್ತು ಗಂಟೆ ನಡೆಯುತ್ತದೆ. ಪರದೆಯನ್ನು ಬೆಳಗಿಸಿ ವೀಡಿಯೋ ಸಭೆಯಲ್ಲಿ ಕುಳಿತು ಬಳಕೆ 12 ವ್ಯಾಟಿಗೆ ಏರಿದರೆ ಐದು ಗಂಟೆಯೇ. ವಿಮಾನದಲ್ಲಿ 100 ವ್ಯಾಟ್-ಅವರಿಗೆ ಮೀರಿದ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಮನೆಯ ಬಳಕೆಯಿಂದ ಬ್ಯಾಟರಿಗೆ ಒದಗುವ ಹಾನಿ ಮಾತ್ರ ಯಾರ ಗಮನಕ್ಕೂ ಬಾರದಂಥದು. ಲಿಥಿಯಂ-ಅಯಾನ್ ಬ್ಯಾಟರಿ ಶಾಖದಲ್ಲಿ ಪೂರ್ತಿ ತುಂಬಿಕೊಂಡೇ ಇರುವುದು ಅದರ ಆಯುಸ್ಸಿಗೆ ಮಾರಕ. ಮೇಜಿನ ಮೇಲೆ ಹಗಲಿರುಳೂ ಚಾರ್ಜಿಗೆ ಹಚ್ಚಿಟ್ಟ ಯಂತ್ರದ ಬ್ಯಾಟರಿ, ಎರಡು ಮೂರು ವರ್ಷಗಳಲ್ಲಿ, ಸರಿಯಾಗಿ ಪ್ರಯಾಣದ ಹೊತ್ತಿಗೇ ಕೈಕೊಡುತ್ತದೆ. ಶೇಕಡಾ 80ಕ್ಕೆ ಚಾರ್ಜನ್ನು ನಿಲ್ಲಿಸುವ ಏರ್ಪಾಡು ಈಗ ಅನೇಕ ಯಂತ್ರಗಳಲ್ಲಿದೆ. ಮನೆಗೂ ಪ್ರವಾಸಕ್ಕೂ ಒಂದನ್ನೇ ಬಳಸುವವನಿಗೆ ಇದು ಅತ್ಯಂತ ಉಪಯುಕ್ತವಾದ ಗುಣ. ಅಂಗಡಿಯ ಯಾವ ಪಟ್ಟಿಯಲ್ಲಿಯೂ ಇದರ ಹೆಸರು ಕಾಣದಿರುವುದು ಖೇದಕರ.

ಯುಎಸ್‌ಬಿ-ಸಿ ರಂಧ್ರವಿದ್ದ ಮಾತ್ರಕ್ಕೆ ಅದು ವಿದ್ಯುತ್ತನ್ನೂ ಮಾನಿಟರಿಗೆ ಚಿತ್ರವನ್ನೂ ಸಾಗಿಸುತ್ತದೆಂದು ಹೇಳಲಾಗದು. ಕೆಲವು ಯಂತ್ರಗಳಲ್ಲಿ ಅದು ಬರಿಯ ದತ್ತಾಂಶದ ದಾರಿ. ಸಭೆಗಳಲ್ಲಿ ಪ್ರೊಜೆಕ್ಟರಿಗೆ ಜೋಡಿಸಬೇಕಾದವರಿಗೆ ಎಚ್‌ಡಿಎಂಐ ಇಂದಿಗೂ ಬೇಕು. ಊರೂರು ತಿರುಗುವವನು ವಾರಂಟಿಯ ಕಾಗದದಲ್ಲಿ ವರ್ಷಗಳನ್ನಷ್ಟೇ ಎಣಿಸದೆ, ದುರಸ್ತಿಗಾರನು ತಾನಿದ್ದಲ್ಲಿಗೆ ಬರುವನೋ, ತಾನೇ ಯಂತ್ರವನ್ನು ಹೊತ್ತು ಸರ್ವಿಸ್ ಸೆಂಟರನ್ನು ಹುಡುಕಿ ಹೋಗಬೇಕೋ ಎಂಬುದನ್ನು ಓದಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕುವ ಬಿಡಿಭಾಗ ಬೀದರಿನಲ್ಲಿಯೋ ಕಾರವಾರದಲ್ಲಿಯೋ ಸಿಕ್ಕೀತೆಂಬ ಭರವಸೆಯಿಲ್ಲ.

ಪರದೆಯ ವಿಸ್ತಾರವನ್ನು ಬಯಸುವ ಮನೆಮಂದಿಗೆ ಹೀಗೆ ಚಿಕ್ಕ ಯಂತ್ರವನ್ನು ಆರಿಸುವುದರಿಂದ ನಷ್ಟವಾಗುವುದೆಂಬ ಆಕ್ಷೇಪವೊಂದು ಉಳಿಯುತ್ತದೆ. ಅದಕ್ಕೆ ಸಮಾಧಾನ ಬಹಳ ಮನೆಗಳ ಕಪಾಟಿನಲ್ಲಿಯೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದಲೂ, 2017ಕ್ಕೆ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪದಿರುವುದರಿಂದಲೂ, ಅಂಗಾಂಗಗಳೆಲ್ಲ ನೆಟ್ಟಗಿರುವ ಹಳೆಯ ದೊಡ್ಡ ಯಂತ್ರಗಳು ನಿರುಪಯೋಗಿಗಳೆಂಬ ಹಣೆಪಟ್ಟಿಯನ್ನು ಹೊತ್ತು ಮೂಲೆಗೆ ಬಿದ್ದಿವೆ. ಅವುಗಳ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಸಣ್ಣದೊಂದು ಎಸ್‌ಎಸ್‌ಡಿಯನ್ನು ಕೂಡಿಸಿ, ಉಚಿತವಾಗಿ ದೊರೆಯುವ ಲಿನಕ್ಸನ್ನು ಸ್ಥಾಪಿಸಿದರೆ, ಮಕ್ಕಳ ಪಾಠಕ್ಕೂ ಹಿರಿಯರ ಪತ್ರಿಕಾಪಠನಕ್ಕೂ ಅವು ಇನ್ನೂ ಕೆಲವು ವರ್ಷ ಧಾರಾಳವಾಗಿ ಒದಗಬಲ್ಲವು. ಕನ್ನಡದ ಕೀಲಿಮಣೆ ವಿನ್ಯಾಸಗಳೂ ಅಲ್ಲಿ ಲಭ್ಯ. ವ್ಯವಹಾರದ ಕಾಗದಪತ್ರಗಳಿರುವ ಯಂತ್ರವನ್ನು ಮಕ್ಕಳ ಕೈಗೆ ಕೊಡಬೇಕಾದ ಪ್ರಸಂಗವೂ ಆಗ ತಪ್ಪುತ್ತದೆ. ಹೀಗೆ ಹಳೆಯದಕ್ಕೆ ಮನೆಯ ಕೆಲಸವನ್ನು ವಹಿಸಿದವರು, ಹೊಸದಕ್ಕೆಂದು ತೆಗೆದಿಟ್ಟ ಹಣವನ್ನು 14 ಅಂಗುಲದ ಒಳ್ಳೆಯ ಪರದೆಗೂ, 16 ಜಿಬಿ ರ‍್ಯಾಮಿಗೂ, ಒಂದೂಕಾಲು ಕಿಲೋಗ್ರಾಮಿನ ಆಸುಪಾಸಿನ ಗಟ್ಟಿಯಾದ ಮೈಕಟ್ಟಿಗೂ ನಿಶ್ಚಿಂತೆಯಿಂದ ವೆಚ್ಚ ಮಾಡಬಹುದು.