ನಂದಿ ಇಲ್ಲದ ಗುಡಿಯಲ್ಲಿ ಎರಡು ತಾಸು

ಖಿದ್ರಾಪುರಕ್ಕೆ ಹೋಗಿ ಬಂದವರ ಫೋಟೋ ನೀವು ನೋಡಿಯೇ ಇರ್ತೀರಿ. ಎಲ್ಲರದ್ದೂ ಒಂದೇ ಫೋಟೋ. ಕೆಳಗೆ ದುಂಡು ಹಾಸುಗಲ್ಲು, ಸುತ್ತ ಕಂಬಗಳು, ಮೇಲೆ ಅಷ್ಟೇ ದುಂಡಗೆ ತೆರೆದ ಆಕಾಶ. ಅದು ಕೋಪೇಶ್ವರ ಗುಡಿಯ ಸ್ವರ್ಗಮಂಟಪ. ಮೊದಲ ಸಲ ಹೋದಾಗ ನಾನೂ ಅದೇ ಫೋಟೋ ತೆಗೆಸಿಕೊಂಡೆ, 'ಅದ್ಭುತ' ಅಂತ ಬರೆದು ಹಾಕಿದೆ. ಇಪ್ಪತ್ತು ನಿಮಿಷದಾಗ ಎಲ್ಲಾ ಮುಗೀತು. ಕಬ್ಬಿನ ಹಾಲು ಕುಡಿದು ನಿಪ್ಪಾಣಿ ಹಾದಿ ಹಿಡಿದೆ.

ನನ್ನ ತಕರಾರು ಆ 'ಅದ್ಭುತ' ಅನ್ನೋ ಪದದ ಮೇಲೆ. ಐತಿಹಾಸಿಕ ಜಾಗಗಳ ಬಗ್ಗೆ ನಾವು ಬರೆಯೋದೆಲ್ಲ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಕೇವಲ ರೀಲ್ಸ್ ಮಾಡುವವರನ್ನು ಬೈದು ಪ್ರಯೋಜನವಿಲ್ಲ. ಶಾಲೆಯ ಪ್ರವಾಸದಲ್ಲೂ ನಮಗೆ ಕಲಿಸಿದ್ದು ಇದನ್ನೇ: ಸಾಲಾಗಿ ಹೋಗು, ಬೆರಗಾಗು, ಬಸ್ ಹತ್ತು. ಬೆರಗಾದ ಮೇಲೆ ಪ್ರಶ್ನೆ ಕೇಳಬೇಕು ಅಂತ ಯಾರೂ ಹೇಳಲಿಲ್ಲ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಆ ಫೋಟೋ ತೋರಿಸಿದೆ. ಅವಳು ಆಕಾಶವನ್ನೂ ನೋಡಲಿಲ್ಲ, ಕಂಬವನ್ನೂ ನೋಡಲಿಲ್ಲ. "ಈ ಗುಡ್ಯಾಗ ಬಸವಣ್ಣ ಎಲ್ಲಿ ಅದಾನೋ?" ಅಂದಳು. ನನಗೆ ಗೊತ್ತಿರಲಿಲ್ಲ. ಶಿವನ ಗುಡಿಗೆ ಹೋಗಿ, ನಂದಿ ಇಲ್ಲ ಅನ್ನೋದನ್ನೇ ಗಮನಿಸದೆ ಬಂದಿದ್ದೆ! "ಅಂವ ಯಡೂರಾಗ ಅದಾನ. ಅಷ್ಟೂ ಗೊತ್ತಿಲ್ಲನ?" ಅಂತ ಅವಳೇ ಕತೆ ಹೇಳಿದಳು. ತವರಿನಲ್ಲಿ ದಕ್ಷ ಯಜ್ಞ ಮಾಡುವಾಗ ಸತಿ ನಂದಿಯ ಮೇಲೆ ಕೂತು ಹೋದಳು. ಅವಳೂ ತಿರುಗಿ ಬರಲಿಲ್ಲ, ನಂದಿಯೂ ಬರಲಿಲ್ಲ. ಸಿಟ್ಟಾದ ಶಿವ ಕೋಪೇಶ್ವರನಾದ. ಸಮಾಧಾನ ಮಾಡಲು ಬಂದ ವಿಷ್ಣು ಧೋಪೇಶ್ವರನಾಗಿ ಅಲ್ಲೇ ಪಕ್ಕದಲ್ಲಿ ನಿಂತ. ಚಿಕ್ಕೋಡಿ ಸೀಮೆಯ ಯಡೂರಿನಲ್ಲಿ ವೀರಭದ್ರನ ದೊಡ್ಡ ಗುಡಿ ಇದೆ. ದಕ್ಷನ ತಲೆ ತೆಗೆದವನು ವೀರಭದ್ರನೇ ತಾನೆ? ಕತೆಯ ನಕ್ಷೆ ಎಷ್ಟು ಸರಿಯಾಗಿ ಕೂಡುತ್ತದೆ ನೋಡಿ.

ಮರುದಿನವೇ ಮತ್ತೆ ಖಿದ್ರಾಪುರಕ್ಕೆ ಹೋದೆ, ಈ ಸಲ ಎರಡು ತಾಸಿನ ಲೆಕ್ಕ ಇಟ್ಟುಕೊಂಡು. ಸ್ವರ್ಗಮಂಟಪದಲ್ಲಿ ತಲೆ ಎತ್ತಿದರೆ ಆಕಾಶ ಮೊದಲು ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಆ ಬಾಯಿಯ ಅಂಚಿನಲ್ಲಿ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನದ ಮೇಲೆ ಕೂತಿದ್ದಾರೆ. ಹೊರಗೆ ಬಂದು ಬಗ್ಗಿ ನೋಡಿದರೆ ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತ ಆನೆಗಳ ಸಾಲು. ಒಂದು ಆನೆಯಂತೆ ಇನ್ನೊಂದಿಲ್ಲ. ಮೊದಲ ಸಲ ಇವು ಯಾವೂ ನನಗೆ ಕಂಡಿರಲಿಲ್ಲ.

ದಕ್ಷಿಣದ ಬಾಗಿಲ ಹತ್ತಿರ ಶಕ 1136ರ, ಅಂದರೆ ಸುಮಾರು 1214ರ, ಸಂಸ್ಕೃತ ಶಾಸನ ಇದೆ. ಕೊಡಿಸಿದವನು ಸೇವುಣರ ಸಿಂಘಣ. ಗುಡಿಯ ಹೆಚ್ಚಿನ ಕೆಲಸ ಮಾಡಿಸಿದ್ದು ಕೊಲ್ಹಾಪುರದ ಶಿಲಾಹಾರರು. ಅವರ ರಾಜ್ಯ ಕಿತ್ತುಕೊಂಡವನು ಇದೇ ಸಿಂಘಣ. ಗೆದ್ದವನು ಸೋತವನ ದೇವರಿಗೆ ದತ್ತಿ ಬಿಟ್ಟಿದ್ದಾನೆ. ಭಕ್ತಿಯೋ, ಹೊಸ ಪ್ರಜೆಗಳನ್ನು ಒಲಿಸಿಕೊಳ್ಳುವ ಉಪಾಯವೋ? ಇನ್ನೊಂದು ಸ್ವಾರಸ್ಯ: 1054ರ ಸುಮಾರಿಗೆ ಚೋಳರ ರಾಜಾಧಿರಾಜ ಆನೆಯ ಮೇಲೇ ಸತ್ತ ಕೊಪ್ಪಂ ಕಾಳಗ ಈ ಊರಿನಲ್ಲೇ ನಡೆಯಿತು ಅಂತ ಕೆಲವು ವಿದ್ವಾಂಸರು, ಅಲ್ಲ ಕೊಪ್ಪಳದಲ್ಲಿ ಅಂತ ಇನ್ನು ಕೆಲವರು. ಜಗಳ ಮುಗಿದಿಲ್ಲ. ಕಾಮೆಂಟ್ ಇಲ್ಲದ ಹಳೆ ಕೋಡ್ ಓದಿದವರಿಗೆ ಈ ಸುಖ ಗೊತ್ತು. ಬರೆದವನು ಹೋಗಿಬಿಟ್ಟಿದ್ದಾನೆ, ಯಾಕೆ ಹೀಗೆ ಬರೆದ ಅಂತ ನಾವೇ ಹುಡುಕಬೇಕು.

ಅಲ್ಲೇ ಹಳಗನ್ನಡದ ಶಾಸನಗಳೂ ಇವೆ. ಸವೆದ ಒಂದು ಕಲ್ಲಿನ ಮುಂದೆ ನಿಂತಿದ್ದೆ. ಅಲ್ಲಿ ಆಡುತ್ತಿದ್ದ ಹುಡುಗನೊಬ್ಬ ಬಂದು ಮರಾಠಿಯಲ್ಲಿ ಕೇಳಿದ: "ನೀವು ಕನ್ನಡದವರಲ್ಲ? ಇದರಲ್ಲಿ ಏನು ಬರೆದಿದೆ?"

ಓದಲು ಬರಲಿಲ್ಲ. ಒಂದೆರಡು ಅಕ್ಷರ ಊಹಿಸಿದೆ, ಅಷ್ಟೇ. ಹುಡುಗ ಸ್ವಲ್ಪ ಹೊತ್ತು ಕಾದು ಹೋದ.

ಆ ಹೊತ್ತಿಗೆ ನನ್ನ ಫೋನಿನಲ್ಲಿ ಒಂದು ಪೋಸ್ಟ್ ಅರ್ಧ ಬರೆದಾಗಿತ್ತು: 'ಮಹಾರಾಷ್ಟ್ರದಲ್ಲಿ ಕನ್ನಡ ಶಾಸನ, ಇದು ನಮ್ಮದೇ ನೆಲ!' ನಿಪ್ಪಾಣಿ ಕಡೆ ಬೆಳೆದವನಿಗೆ ಇಂಥ ಸಾಲು ತಾನಾಗೇ ಬರುತ್ತದೆ. 1956ರಲ್ಲಿ ಎಳೆದ ಗೆರೆಯ ಎರಡೂ ಕಡೆ ಬೋರ್ಡಿನ ಜಗಳ ನೋಡುತ್ತಲೇ ದೊಡ್ಡವರಾದವರು ನಾವು. ಆದರೆ ಓದಲಾಗದ ಕಲ್ಲನ್ನು ನನ್ನದು ಅನ್ನುವುದು ಹೇಗೆ? ಅಳಿಸಿದೆ. 'ಅದ್ಭುತ' ಮತ್ತು 'ನಮ್ಮದು', ಎರಡೂ ಒಂದೇ ಕೆಲಸ ಮಾಡುತ್ತವೆ, ನೋಡುವುದನ್ನು ನಿಲ್ಲಿಸುತ್ತವೆ.

ಮ್ಯೂಸಿಯಂಗೂ ಇದೇ ಮಾತು. ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂನಲ್ಲಿ ಕಂಚಿನ ಪುಟ್ಟ ಪೊಸೈಡನ್ ಇದ್ದಾನೆ, ಗ್ರೀಕರ ಸಮುದ್ರದೇವ. 1940ರ ದಶಕದಲ್ಲಿ ಅಲ್ಲೇ ಪಂಚಗಂಗೆಯ ದಂಡೆಯ ಬ್ರಹ್ಮಪುರಿಯಲ್ಲಿ ಸಿಕ್ಕವನು. ರೋಮನ್ನರ ವ್ಯಾಪಾರದ ಕಾಲದವನು. ಸಮುದ್ರ ಘಟ್ಟದಾಚೆ ಇದೆ. ಅಲ್ಲಿಂದ ಇವನನ್ನು ಹೊತ್ತು ತಂದವರಾರು? ಕೊಂಡವನು ಇವನನ್ನು ಯಾವ ದೇವರೆಂದು ತಿಳಿದ? ಈ ಪ್ರಶ್ನೆಗಳ ಮುಂದೆ ಐದು ನಿಮಿಷ ನಿಂತವನಿಗೆ ಮ್ಯೂಸಿಯಂ ಯಾವತ್ತೂ ಬೋರ್ ಆಗುವುದಿಲ್ಲ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ಖಿದ್ರಾಪುರ ದಾಟಿ ಕರ್ನಾಟಕಕ್ಕೆ ಬರುತ್ತದೆ. ಪೊಸೈಡನ್, ಕೋಪೇಶ್ವರ, ಯಡೂರಿನ ನಂದಿ, ಮೂವರದ್ದೂ ಒಂದೇ ನೀರು.

ಹಾಗಾಗಿ ಖಿದ್ರಾಪುರಕ್ಕೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ. ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಗುಡಿಯಲ್ಲಿ ಏನಿಲ್ಲ ಅಂತ ಹುಡುಕಿ. ಮನೆಯ ಹಿರಿಯರನ್ನು ಕೇಳಿ ಹೋಗಿ. ವಾಪಸ್ ಬರುವಾಗ ಯಡೂರಿಗೂ ಹೋಗಿ. ಆ ಗುಡಿ ನೋಡಿ ಮುಗಿಯುವುದು ಈ ದಂಡೆಯಲ್ಲಿ.

ನಾನು ಅವ್ವನ ಜೊತೆ ಯಡೂರಿಗೆ ಹೋಗಿ ಬಂದೆ. ಅವಳು ನಂದಿಯ ಬೆನ್ನು ಮುಟ್ಟಿ ಕೈ ಮುಗಿದಳು. ಪುಣೆಗೆ ವಾಪಸ್ ಬಂದ ಮೇಲೆ ರಾತ್ರಿ ಅರ್ಧ ತಾಸು ಹಳಗನ್ನಡ ಲಿಪಿ ಕಲಿಯುತ್ತಾ ಇದ್ದೇನೆ. ಅಕ್ಷರಗಳು ಇನ್ನೂ ಜಾರುತ್ತವೆ. ಮುಂದಿನ ದೀಪಾವಳಿಗೆ ಆ ಹುಡುಗ ಸಿಕ್ಕರೆ ಒಂದು ಸಾಲಾದರೂ ಓದಿ ಹೇಳಬೇಕು.