ನೆಲನೆಲ್ಲಿಯ ಗುರುತು: ಡಿಎನ್‌ಎ ಪರೀಕ್ಷೆಗೆ ಸಲ್ಲಬೇಕಾದ ಬೆಲೆ

ಮಳೆ ಹಿಡಿದರೆ ಬಾಗಲಕೋಟೆ ಜಿಲ್ಲೆಯ ಮರೋಳದಂಥ ಊರುಗಳ ಎರೆಹೊಲದ ಬದುವಿನಲ್ಲಿ, ಹಿತ್ತಲಲ್ಲಿ, ದಾರಿಯ ಬದಿಯಲ್ಲಿ ನೆಲನೆಲ್ಲಿಯ ಕುಲದ ಗಿಡಗಳು ತಾವಾಗಿಯೇ ಹುಟ್ಟುತ್ತವೆ. ಕಾಮಣಿಯಾದಾಗ ಉತ್ತರ ಕರ್ನಾಟಕದ ಹಳ್ಳಿಗರಿಗೆ ನೆನಪಾಗುವ ಗಿಡಗಳಲ್ಲಿ ಇದೂ ಒಂದು. ಒಣಗಿದ ಮೇಲೆ ಇದೇ ಗಿಡ ಗ್ರಂಥಿಗೆ ಅಂಗಡಿಗೂ ಔಷಧಿ ಕಂಪನಿಗೂ ಹೋಗುತ್ತದೆ. ಅಲ್ಲಿ ಚೀಲದೊಳಗೆ ಇರುವುದು ನಿಜವಾಗಿ ಯಾವ ಗಿಡ?

ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ಬೆಂಗಳೂರಿನ ವಿಜ್ಞಾನಿಗಳಾದ ಆರ್. ಉಮಾಶಂಕರ್, ಜಿ. ರವಿಕಾಂತ್ ಮತ್ತು ಸಂಗಡಿಗರು. 2010ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವರು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಸರಕನ್ನು ತಂದರು. ಶೇ. 76ರಷ್ಟು ಮಾದರಿಗಳಲ್ಲಿ ಇದ್ದದ್ದು ಬಹುಮಟ್ಟಿಗೆ ಫಿಲಾಂಥಸ್ ಅಮಾರಸ್, ಅಂದರೆ ಅಸಲಿ ನೆಲನೆಲ್ಲಿ. ಉಳಿದ ಶೇ. 24ರಲ್ಲಿ ಡೆಬಿಲಿಸ್, ಫ್ರಾಟರ್ನಸ್, ಯೂರಿನೇರಿಯಾ, ಮದೆರಾಸ್‌ಪಟೆನ್ಸಿಸ್, ಕೋಝಿಕೋಡಿಯಾನಸ್ ಎಂಬ ಬೇರೆ ಐದು ಜಾತಿಗಳು ಸೇರಿದ್ದವು.

ನನಗೆ ಈ ಕೆಲಸದಲ್ಲಿ ಹೆಚ್ಚು ಹಿಡಿಸಿದ್ದು ಅದರ ಕ್ರಮ. ಮೊದಲು ಗಿಡವನ್ನು ಕಣ್ಣಿನಿಂದ ಗುರುತಿಸಿದರು, ಆಮೇಲೆ ಡಿಎನ್‌ಎಯಿಂದ ತಾಳೆ ನೋಡಿದರು. ಹಸಿ ಗಿಡದಲ್ಲಿ ಗುರುತು ಸಿಗುವುದು ಎಲೆಯ ಕೆಳಗೆ. ಟೊಂಗೆಯನ್ನು ಮಗುಚಿದರೆ ಎಲೆಯ ಕಂಕುಳಲ್ಲಿ ಸಾಸಿವೆಗಿಂತ ಹೆಚ್ಚು ದೊಡ್ಡದಲ್ಲದ ಹೂಗಳು ಕಾಣುತ್ತವೆ. ಅಮಾರಸ್‌ನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಕಂಕುಳಲ್ಲಿ ಜೋಡಿಯಾಗಿರುತ್ತವೆ. ಡೆಬಿಲಿಸ್‌ನಲ್ಲಿ ಅವು ಬೇರೆ ಬೇರೆ ಕಂಕುಳಲ್ಲಿ. ಯೂರಿನೇರಿಯಾದ ಕಾಯಿ ಮುಟ್ಟಿದರೆ ಗಂಟು ಗಂಟಾಗಿ ಒರಟು. ಗಿಡ ಒಣಗಿ, ಮುರಿದು, ಪುಡಿಯಾದ ಮೇಲೆ ಇವು ಯಾವುವೂ ಉಳಿಯುವುದಿಲ್ಲ. ಡಿಎನ್‌ಎಯ ಬೆಲೆ ತಿಳಿಯುವುದು ಆಗ. ಎಲೆಯ ಹಸಿರು ಕಣಗಳಲ್ಲಿರುವ ಪಿಎಸ್‌ಬಿಎ-ಟಿಆರ್‌ಎನ್‌ಎಚ್ ಎಂಬ ಸಣ್ಣ ತುಣುಕು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಪುಡಿಯಿಂದಲೂ ಅದನ್ನು ತೆಗೆದು, ಲಕ್ಷಾಂತರ ಪ್ರತಿ ಮಾಡಿ, ಓದಬಹುದು.

ಜಾತಿಯ ಚರ್ಚೆಯಿಂದ ರೋಗಿಗೇನು ಬಂತು ಎನ್ನುವವರು 1988ರ ಚೆನ್ನೈ ಪ್ರಯೋಗವನ್ನು ನೆನೆಯಬೇಕು. ಹೆಪಟೈಟಿಸ್-ಬಿ ವೈರಾಣು ಹೊತ್ತವರಿಗೆ ಫಿಲಾಂಥಸ್ ಅಮಾರಸ್ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಮೇಲ್ಮೈ ಪ್ರತಿಜನಕ ಕಾಣದಾಯಿತೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾಯಿತು. ಬೇರೆ ದೇಶಗಳಲ್ಲಿ ನಡೆದ ಮುಂದಿನ ಪ್ರಯೋಗಗಳಲ್ಲಿ ಅಂಥ ಫಲ ಸಿಗಲಿಲ್ಲ. ಬಳಸಿದ ಗಿಡಗಳಲ್ಲೇ ವ್ಯತ್ಯಾಸವಿತ್ತೇ ಎಂಬ ಅನುಮಾನ ಆಗ ಎದ್ದಿತು. ಯಾವ ಗಿಡ ಎಂಬುದೇ ಗಟ್ಟಿಯಾಗದಿದ್ದರೆ ಔಷಧಿ ಫಲಿಸಿತೋ ಇಲ್ಲವೋ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಗುರುತಿನ ಕೆಲಸ ಚಿಕಿತ್ಸೆಯ ಬುಡದಲ್ಲೇ ಇದೆ.

ಹಾಗೆಂದು ಈ ಪರೀಕ್ಷೆಯಿಂದ ಅದು ಕೊಡಲಾರದ್ದನ್ನು ಕೇಳಬಾರದು. 2015ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ ದೊಡ್ಡ ಅಂಗಡಿಗಳ ಗಿಡಮೂಲಿಕೆ ಮಾತ್ರೆಗಳನ್ನು ಡಿಎನ್‌ಎಯಿಂದ ಪರೀಕ್ಷಿಸಿ, ಹೆಚ್ಚಿನವುಗಳಲ್ಲಿ ಲೇಬಲ್ಲಿನ ಗಿಡವೇ ಇಲ್ಲವೆಂದು ಸಾರಿತು. ಸಸ್ಯವಿಜ್ಞಾನಿಗಳು ಕೂಡಲೇ ಆಕ್ಷೇಪಿಸಿದರು. ಸಾರ ತೆಗೆಯುವಾಗ ಡಿಎನ್‌ಎ ಹಾಳಾಗುತ್ತದೆ, ಸಿಗದಿದ್ದ ಮಾತ್ರಕ್ಕೆ ಗಿಡವೇ ಇರಲಿಲ್ಲ ಎನ್ನಲಾಗದು. ನಮ್ಮ ಕಷಾಯ, ಅರಿಷ್ಟಗಳಿಗೂ ಈ ಮಾತು ಅನ್ವಯಿಸುತ್ತದೆ. ಬೇರು ಬೇಕಾದಲ್ಲಿ ಎಲೆ ಹಾಕಿದ್ದರೆ, ಕೊಯ್ಲಿನ ಕಾಲ ತಪ್ಪಿದ್ದರೆ, ಸರಕಿಗೆ ಬೂಸ್ಟು ಹಿಡಿದು ಸತ್ವ ಹೋಗಿದ್ದರೆ ಗಿಡದ ಡಿಎನ್‌ಎ ಅದನ್ನು ಹೇಳುವುದಿಲ್ಲ. ಅದಕ್ಕೆ ರಸಾಯನ ಪರೀಕ್ಷೆಯೇ ಬೇಕು. ಬ್ರಿಟಿಷ್ ಫಾರ್ಮಕೋಪಿಯಾ ತುಳಸಿಗೆ ಡಿಎನ್‌ಎ ಗುರುತಿನ ವಿಧಾನ ತಂದಾಗಲೂ ಅದನ್ನು ಉಳಿದ ಪರೀಕ್ಷೆಗಳ ಜೊತೆಗೇ ಇಟ್ಟಿತು. ಆ ನಿಲುವೇ ಸರಿ.

ನನ್ನ ಮುಖ್ಯ ತಕರಾರು ನಾವು ಈ ವಿದ್ಯೆಯನ್ನು ಬಳಸುತ್ತಿರುವ ಜಾಗದ ಬಗ್ಗೆ. ಕಲಬೆರಕೆ ಎಂದೊಡನೆ ಮೋಸವೇ ಇರಬೇಕೆಂದು ನಾವು ಅಂಗಡಿಯ ಕಡೆ ಬೆರಳು ತೋರಿಸುತ್ತೇವೆ. ನೆಲನೆಲ್ಲಿಯ ಜೊತೆ ಸೇರಿದ ಐದೂ ಜಾತಿಗಳು ಅದೇ ಕುಲದವು. ಅವುಗಳಲ್ಲಿ ಹಲವು ಒಂದೇ ಹೊಲದಲ್ಲಿ ಒಟ್ಟಿಗೇ ಬೆಳೆಯುತ್ತವೆ. ಕೂಲಿಗೆ ಗಿಡ ಕಿತ್ತು ತರುವವರಿಗೆ ಯಾರೂ ಎಲೆಯ ಕೆಳಗಿನ ಹೂ ತೋರಿಸಿಕೊಟ್ಟಿಲ್ಲ. ತಪ್ಪು ಆಗುವುದು ಹೊಲದ ಬದುವಿನಲ್ಲಿ, ಪರೀಕ್ಷೆ ನಡೆಯುವುದು ನೂರಾರು ಮೈಲಿ ದೂರದ ಪ್ರಯೋಗಾಲಯದಲ್ಲಿ, ಸರಕು ಬೆರೆತುಹೋದ ಮೇಲೆ.

ಡಿಎನ್‌ಎ ಓದಿದ ಮೇಲೂ ಅದನ್ನು ತಾಳೆ ನೋಡಲು, ಬಲ್ಲವರು ಗುರುತಿಸಿ ಒಣಗಿಸಿ ಅಂಟಿಸಿಟ್ಟ ಗಿಡದ ಹಾಳೆ ಬೇಕು. ಸ್ಥಳೀಯ ವೈದ್ಯ ಪರಂಪರೆಗಳಿಗಾಗಿ ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಸ್ಯಸಂಗ್ರಹ ಅಂಥ ಆಧಾರ. ಹುನಗುಂದದ ಎರೆಭೂಮಿಗೂ ಬಾದಾಮಿಯ ಕಲ್ಲುಗುಡ್ಡಗಳಿಗೂ ಇಂಥದೇ ವಿವರವಾದ ಸಂಗ್ರಹ ಬೇಕು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಊರಿನ ನಾಟಿ ವೈದ್ಯರು, ಗಿಡ ಕೀಳುವವರು, ಸಸ್ಯಶಾಸ್ತ್ರ ಬಲ್ಲವರು ಅಲ್ಲಿ ಒಟ್ಟಿಗೆ ಕೂಡಿ ಈ ಕೆಲಸ ಮಾಡಬಹುದು.

ನನ್ನ ತೀರ್ಮಾನ ಇದು: ಪುಡಿಯಾದ ಸರಕಿನ ಜಾತಿ ಹೇಳುವುದರಲ್ಲಿ ಡಿಎನ್‌ಎ ಪರೀಕ್ಷೆ ನಂಬತಕ್ಕ ಸಾಕ್ಷಿ, ಅದನ್ನು ಕೈಬಿಡಬಾರದು. ಆದರೆ ಗಿಡ ಬಲ್ಲವರನ್ನು ಬೆಳೆಸದೆ ಯಂತ್ರವನ್ನಷ್ಟೇ ಕೊಂಡರೆ ಆ ಸಾಕ್ಷಿಗೆ ಆಧಾರವೇ ಇರುವುದಿಲ್ಲ. ಮೊದಲ ಹಣ ಹೊಲದಲ್ಲಿ ಗಿಡ ಗುರುತಿಸುವ ಜನಕ್ಕೆ ಸಲ್ಲಲಿ.